ಸ್ಮೃತಿಯ ನೆಲೆಗಟ್ಟು: ಮಾರ್ಮೊಸೆಟ್ ಕಪಿಯ ಮಿದುಳಿನಲ್ಲಿ ಕೋಶಗಳ ಜೋಡಣೆ

೧

ಸ್ಮರಣಶಕ್ತಿಗೆ ಶರೀರದಲ್ಲಿ ನಿಯತವಾದ ಸ್ಥಾನವೊಂದು ಉಂಟೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಚರಕಸಂಹಿತೆಯು ಚೇತನದ ನೆಲೆ ಹೃದಯವೆಂದು ಹೇಳಿತು. ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನೂ ಹೃದಯಕ್ಕೇ ಆ ಗೌರವವನ್ನು ಸಲ್ಲಿಸಿದನು. ಮನೋವ್ಯಾಪಾರಗಳ ಉಪಕರಣವು ಮಿದುಳೇ ಎಂಬುದು ನಿಶ್ಚಯವಾದ ಮೇಲೆಯೂ, ಸ್ಮೃತಿಯು ಮಿದುಳಿನ ಒಂದು ಭಾಗದ ಕೆಲಸವೋ ಇಡಿಯ ಮಿದುಳಿನ ಕೆಲಸವೋ ಎಂಬ ವಿವಾದ ತೀರಲಿಲ್ಲ. ಅಮೆರಿಕದ ಕಾರ್ಲ್ ಲ್ಯಾಶ್ಲಿಯವರು ಇಲಿಗಳ ಮಿದುಳಿನ ತೊಗಟೆಯ ಭಾಗಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿ, ನೆನಪಿನ ಗುರುತು ಇಂಥಲ್ಲಿಯೇ ಇದೆಯೆಂದು ತೋರಿಸುವುದು ತಮ್ಮಿಂದಾಗಲಿಲ್ಲವೆಂದು ೧೯೫೦ರಲ್ಲಿ ಬರೆದರು.

ಕೆಲವೇ ವರ್ಷಗಳಲ್ಲಿ ಉತ್ತರವು ಬೇರೊಂದು ಕಡೆಯಿಂದ ಬಂದಿತು. ಬಂದ ರೀತಿ ಮಾತ್ರ ದುಃಖಕರವಾದುದು. ೧೯೫೩ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅಪಸ್ಮಾರದಿಂದ ನರಳುತ್ತಿದ್ದ ಇಪ್ಪತ್ತೇಳು ವರ್ಷದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಶಸ್ತ್ರಕ್ರಿಯೆ ಮಾಡಿ, ಮಿದುಳಿನ ಎರಡು ಪಕ್ಕಗಳಲ್ಲಿಯೂ ಕಿವಿಗಳ ನೇರಕ್ಕೆ ಒಳಗಡೆ ಅಡಗಿರುವ ಭಾಗವನ್ನು ತೆಗೆದುಹಾಕಿದರು. ಅಪಸ್ಮಾರವೇನೋ ತಗ್ಗಿತು. ಆದರೆ ಅಂದಿನಿಂದ ೨೦೦೮ರಲ್ಲಿ ತೀರಿಕೊಳ್ಳುವವರೆಗೆ, ಐವತ್ತೈದು ವರ್ಷಗಳ ಕಾಲ, ಹೊಸ ಸಂಗತಿಗಳು ಆತನ ಮನಸ್ಸಿನಲ್ಲಿ ನಿಲ್ಲದೆ ಹೋದವು. ಮಾತು, ಬುದ್ಧಿ, ಸೌಜನ್ಯ ಯಾವುದಕ್ಕೂ ಊನವಿರಲಿಲ್ಲ. ಬಾಲ್ಯದ ನೆನಪುಗಳೂ ಉಳಿದಿದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಕೌಶಲವು ಅಭ್ಯಾಸದಿಂದ ದಿನದಿನಕ್ಕೂ ಸುಧಾರಿಸಿತು; ಹಿಂದಿನ ದಿನ ತಾನು ಅದನ್ನು ಅಭ್ಯಾಸ ಮಾಡಿದ್ದೆನೆಂಬುದು ಮಾತ್ರ ಅವನಿಗೆ ತಿಳಿಯದು. ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಅವರು ಈ ವೃತ್ತಾಂತವನ್ನು ೧೯೫೭ರಲ್ಲಿ ಪ್ರಕಟಿಸಿದರು. ಹೀಗೆ ತೆಗೆದುಹಾಕಿದ ಭಾಗದಲ್ಲಿ ಪ್ರಧಾನವಾದ ಅಂಗಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರು.

ಈ ಒಂದು ಪ್ರಸಂಗದಿಂದ ಎರಡು ವಿಷಯಗಳು ಸಿದ್ಧವಾದವು. ಘಟನೆಗಳ ಸ್ಮೃತಿಯೂ ಕೈಕೆಲಸದ ಅಭ್ಯಾಸವೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳನ್ನು ಹಿಡಿಯುತ್ತವೆ ಎಂಬುದು ಒಂದು. ಹಳೆಯ ನೆನಪನ್ನು ಉಳಿಸುವ ಸ್ಥಳವೂ ಹೊಸ ನೆನಪನ್ನು ಬರೆದುಕೊಳ್ಳುವ ಸ್ಥಳವೂ ಒಂದೇ ಅಲ್ಲ ಎಂಬುದು ಇನ್ನೊಂದು. ಲೆಕ್ಕಪತ್ರದ ಬಳಕೆಯಿರುವವರಿಗೆ ಇದನ್ನು ವಿವರಿಸುವುದು ಸುಲಭ: ಹಿಪ್ಪೊಕ್ಯಾಂಪಸ್ ದಿನವಹಿಯಿದ್ದಂತೆ, ಮಿದುಳಿನ ವಿಶಾಲವಾದ ಹೊರತೊಗಟೆ ಖಾತೆ ಪುಸ್ತಕವಿದ್ದಂತೆ. ಆಯಾ ದಿನದ ವ್ಯವಹಾರ ಮೊದಲು ದಿನವಹಿಯಲ್ಲಿ ದಾಖಲಾಗಿ ಕ್ರಮೇಣ ಖಾತೆಗೆ ಇಳಿಯುತ್ತದೆ. ದಿನವಹಿ ಕಳೆದುಹೋದರೆ ಹಳೆಯ ಖಾತೆಗಳು ಉಳಿದಾವು, ಹೊಸ ಜಮೆ ಬೀಳದು. ಉಪಮೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು; ಏಕೆಂದರೆ ಮಿದುಳಿನಲ್ಲಿ ಬರೆಯುವ ಗುಮಾಸ್ತನೂ ಬರೆಯಲ್ಪಡುವ ಹಾಳೆಯೂ ಬೇರೆ ಬೇರೆ ಇಲ್ಲ. ಅಲ್ಲಿರುವುವು ನರಕೋಶಗಳು, ಅವುಗಳ ಜೋಡಣೆ, ಅವುಗಳ ನಡುವಣ ಸಂಧಿಗಳು ಮಾತ್ರ.

ಶಸ್ತ್ರವೈದ್ಯನ ಚೂರಿ ಒಂದು ಪ್ರದೇಶವನ್ನೇ ಎತ್ತಿಬಿಡುತ್ತದೆ. ಆ ಪ್ರದೇಶದೊಳಗಿನ ಯಾವ ಪದರದ ಯಾವ ಕೋಶಗಳ ನಷ್ಟದಿಂದ ಯಾವ ಹಾನಿ ಉಂಟಾಯಿತೆಂಬುದನ್ನು ಅದು ಹೇಳಲಾರದು. ವೃದ್ಧಾಪ್ಯದ ಮರೆವಿನ ರೋಗಗಳಾದರೋ ಪ್ರದೇಶವನ್ನೇ ಎತ್ತಿಬಿಡುವುದಿಲ್ಲ. ಮುಂದೆ ಕಾಣುವಂತೆ, ಕೋಶಗಳನ್ನು ಆರಿಸಿ ಆರಿಸಿ ಕೊಲ್ಲುತ್ತವೆ. ಆದುದರಿಂದ ಕೋಶಗಳ ಜೋಡಣೆಯನ್ನು ತಿಳಿಯುವುದು ಕೇವಲ ಅಂಗರಚನಾಶಾಸ್ತ್ರದ ಕುತೂಹಲವಲ್ಲ. ಬ್ರೆಜಿಲ್ ದೇಶದ ಮಾರ್ಮೊಸೆಟ್ ಎಂಬ ಪುಟ್ಟ ಕಪಿಯ ಹಿಪ್ಪೊಕ್ಯಾಂಪಸಿನಲ್ಲಿ ಈ ಜೋಡಣೆ ಹೇಗಿದೆ, ಇಲಿಯ ಮಿದುಳನ್ನು ಅಷ್ಟೊಂದು ಪರಿಶೀಲಿಸಿದ ಮೇಲೆಯೂ ಈ ಕಪಿಯ ಮಿದುಳನ್ನು ನೋಡುವ ಅಗತ್ಯವೇನು ಎಂಬುದನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹಿಪ್ಪೊಕ್ಯಾಂಪಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕಡಲಕುದುರೆ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯದ ಅಂಗರಚನಾಪಂಡಿತ ಅರಾನ್ಜಿಯು ಮನುಷ್ಯನ ಮಿದುಳನ್ನು ಸೀಳಿ ನೋಡಿದಾಗ, ಒಳಗಿನ ನೀರುಗೂಡಿನ ನೆಲದಲ್ಲಿ ಬಾಗಿ ಮಲಗಿದ್ದ ಈ ಬೆಳ್ಳಗಿನ ದಿಂಡು ಅವನಿಗೆ ಆ ಮೀನಿನಂತೆ ಕಂಡಿತು. ಮುಂದೆ ಬಂದವರಿಗೆ ಅದೇ ದಿಂಡು ಟಗರಿನ ಕೊಂಬಿನಂತೆ ಕಂಡಿತು. ಟಗರಿನ ಕೊಂಬುಗಳುಳ್ಳ ಈಜಿಪ್ಟಿನ ದೇವತೆಯ ಹೆಸರಿನಿಂದ ಅದನ್ನು 'ಅಮ್ಮೋನನ ಕೊಂಬು' ಎಂದು ಕರೆದರು. ಲ್ಯಾಟಿನಿನ ಆ ಹೆಸರಿನ ಎರಡು ಮೊದಲಕ್ಷರಗಳೇ ಇಂದಿಗೂ 'ಸಿ. ಎ.' ಎಂಬ ಸಂಕೇತವಾಗಿ ಉಳಿದಿವೆ.

ಹೊರರೂಪ ತಿಳಿದ ಮೇಲೆ ಒಳರಚನೆ ತಿಳಿಯಲು ಮುನ್ನೂರು ವರ್ಷ ಹಿಡಿಯಿತು. ಮಿದುಳಿನ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಣ್ಣವಿಲ್ಲದ ಗೊಂದಲವಲ್ಲದೆ ಬೇರೇನೂ ಕಾಣುವುದಿಲ್ಲ. ೧೮೭೩ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿಯವರು ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದರು. ಇದರ ವಿಶೇಷವೆಂದರೆ, ಬಣ್ಣವು ನೂರಾರು ಕೋಶಗಳಲ್ಲಿ ಕೆಲವನ್ನು ಮಾತ್ರ ಹಿಡಿಯುತ್ತದೆ. ಹಿಡಿದುದನ್ನು ಸಂಪೂರ್ಣವಾಗಿ, ಕೊನೆಯ ಕವಲಿನವರೆಗೆ, ತೋರಿಸುತ್ತದೆ. ದಟ್ಟವಾದ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರವನ್ನು ಮಾತ್ರ ಬೇರುಸಹಿತ ಬೆಳಗಿ ತೋರಿಸಿದಂತೆ ಇದು. ಸ್ಪೇನಿನ ಸಂತ್ಯಾಗೊ ರಮೋನ್ ಇ ಕಹಾಲರು ಇದೇ ವಿಧಾನವನ್ನು ಹಿಡಿದು, ನರಮಂಡಲವು ಒಂದೇ ಅಖಂಡವಾದ ಬಲೆಯಲ್ಲ, ಬಿಡಿ ಬಿಡಿಯಾದ ಕೋಶಗಳ ಸಮುದಾಯವೆಂದು ಸಾಧಿಸಿದರು. ಗಾಲ್ಜಿಯವರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. ೧೯೦೬ರ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಒಂದೇ ವೇದಿಕೆಯ ಮೇಲೆ, ಪರಸ್ಪರ ವಿರುದ್ಧವಾದ ಸಿದ್ಧಾಂತಗಳನ್ನು ಸಮರ್ಥಿಸುತ್ತ ಸ್ವೀಕರಿಸಿದುದು ವಿಜ್ಞಾನದ ಚರಿತ್ರೆಯ ಒಂದು ಸ್ವಾರಸ್ಯ.

ಕಹಾಲರ ಶಿಷ್ಯರಾದ ರಫಾಯೆಲ್ ಲೊರೆಂತೆ ದೆ ನೊ ಅವರು ೧೯೩೪ರಲ್ಲಿ ಅಮ್ಮೋನನ ಕೊಂಬನ್ನು ಕೋಶಗಳ ಆಕಾರ ಮತ್ತು ಸಂಬಂಧಗಳಿಗನುಸಾರವಾಗಿ ಸಿ. ಎ. ೧ರಿಂದ ಸಿ. ಎ. ೪ರವರೆಗೆ ವಿಭಾಗಿಸಿದರು. ನಾಲ್ಕನೆಯದರ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೂ ಮೊದಲ ಮೂರು ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಮಾರ್ಮೊಸೆಟ್ ಕಪಿಯು ಈ ಚರಿತ್ರೆಗೆ ಹೊಸಬನಲ್ಲ. ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ ಅವರು ೧೯೦೯ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಕೋಶಗಳ ಸಾಂದ್ರತೆ ಮತ್ತು ಪದರಗಳ ವ್ಯತ್ಯಾಸವನ್ನು ನೋಡಿ ಮಿದುಳಿನ ತೊಗಟೆಯನ್ನು ಸಂಖ್ಯೆಗಳುಳ್ಳ ಕ್ಷೇತ್ರಗಳಾಗಿ ಗುರುತಿಸಿದರು. ಮನುಷ್ಯನ ನಕ್ಷೆಯ ಜೊತೆಗೆ ಹಲವು ಪ್ರಾಣಿಗಳ ನಕ್ಷೆಗಳನ್ನೂ ಕೊಟ್ಟರು. ಅವುಗಳಲ್ಲಿ ಮಾರ್ಮೊಸೆಟ್ಟಿನದೂ ಒಂದು. ನಮ್ಮ ವಿಷಯಕ್ಕೆ ಮುಖ್ಯವಾದ ೨೮ನೆಯ ಕ್ಷೇತ್ರಕ್ಕೆ ಈಗ ಎಂಟೊರೈನಲ್ ತೊಗಟೆಯೆಂದು ಹೆಸರು. ಅದು ಹಿಪ್ಪೊಕ್ಯಾಂಪಸಿನ ಹೆಬ್ಬಾಗಿಲು. ಸುಮಾರು ನೂರು ವರ್ಷಗಳ ಅನಂತರ, ೨೦೧೨ರಲ್ಲಿ, ಆಸ್ಟ್ರೇಲಿಯದ ಜಾರ್ಜ್ ಪ್ಯಾಕ್ಸಿನೋಸ್ ಮತ್ತು ಅವರ ಸಹಕಾರಿಗಳು ಮಾರ್ಮೊಸೆಟ್ಟಿನ ಮಿದುಳಿನ ವಿವರವಾದ ಭೂಪಟಗ್ರಂಥವನ್ನು ಹೊರತಂದರು. ಜಪಾನ್ ಸರಕಾರವು ೨೦೧೪ರಲ್ಲಿ ಆರಂಭಿಸಿದ ಮಿದುಳಿನ ಮಹಾಯೋಜನೆಗೆ ಈ ಕಪಿಯನ್ನೇ ಕೇಂದ್ರವಾಗಿ ಆರಿಸಿಕೊಂಡಿತು.

೩

ಈಗ ಒಳಗೆ ಪ್ರವೇಶಿಸಿ ಕೋಶಗಳ ಕ್ರಮವನ್ನು ನೋಡೋಣ. ಮಾರ್ಮೊಸೆಟ್ಟಿನ ಹಿಪ್ಪೊಕ್ಯಾಂಪಸನ್ನು ಅಡ್ಡಲಾಗಿ ಕತ್ತರಿಸಿ, ಕೋಶಗಳಿಗೆ ಬಣ್ಣ ಕಟ್ಟಿ ನೋಡಿದರೆ ಒಂದರ ಬಾಯಲ್ಲಿ ಒಂದು ಸಿಕ್ಕಿಕೊಂಡ ಎರಡು ಕೊಕ್ಕೆಗಳಂತೆ ಎರಡು ಕಪ್ಪು ಪಟ್ಟಿಗಳು ಕಾಣುತ್ತವೆ. ಚಿಕ್ಕ ಕೊಕ್ಕೆಗೆ ದಂತುರ ಮಡಿಕೆಯೆಂದು ಹೆಸರಿಡಬಹುದು. ಹಲ್ಲುಹಲ್ಲಾಗಿರುವುದರಿಂದ ಪಾಶ್ಚಾತ್ಯರು ಅದಕ್ಕೆ ಡೆಂಟೇಟ್ ಎಂದರು. ದೊಡ್ಡ ಕೊಕ್ಕೆಯೇ ಅಮ್ಮೋನನ ಕೊಂಬು.

ದಂತುರ ಮಡಿಕೆಯ ಕೋಶಗಳು ಅತಿ ಸಣ್ಣವು, ದುಂಡನೆಯವು. ಸಾಸಿವೆಯನ್ನು ಸುರಿದಂತೆ ಒತ್ತೊತ್ತಾಗಿ ಇರುವುವು. ಇವನ್ನು ಹರಳುಕೋಶಗಳೆನ್ನೋಣ. ಅಮ್ಮೋನನ ಕೊಂಬಿನ ಕೋಶಗಳಾದರೋ ದೊಡ್ಡವು. ಗೋಪುರದಂತೆ ಬುಡದಲ್ಲಿ ಅಗಲವಾಗಿ, ತುದಿಯಲ್ಲಿ ಚೂಪಾಗಿರುವುವು. ದಂತುರ ಮಡಿಕೆಗೆ ಹತ್ತಿರವಾದ ಸಿ. ಎ. ೩ರಲ್ಲಿ ಗೋಪುರಕೋಶಗಳು ಸ್ಥೂಲವಾಗಿವೆ. ಅದರಾಚೆ ಸಿ. ಎ. ೨ ಒಂದು ಕಿರಿದಾದ ಪಟ್ಟಿ. ಅಲ್ಲಿ ಕೋಶಗಳು ದೊಡ್ಡವಾಗಿದ್ದು ದಟ್ಟವಾಗಿವೆ. ೨೦೧೪ರಲ್ಲಿ ಇಲಿಮರಿಗಳಂಥ ಸಣ್ಣ ಮೂಷಕಗಳ ಮೇಲೆ ನಡೆದ ಪ್ರಯೋಗವೊಂದು, ಈ ಪಟ್ಟಿಯ ಕೆಲಸವನ್ನು ತಡೆದರೆ ಅವು ತಮ್ಮ ಪರಿಚಿತ ಜೊತೆಗಾರರನ್ನೇ ಗುರುತಿಸಲಾರವೆಂದು ತೋರಿಸಿತು. ಕೊನೆಯದು ಸಿ. ಎ. ೧; ಇಲ್ಲಿ ಕೋಶಗಳು ಕಿರಿದಾಗಿ, ಪದರವು ಅಗಲವಾಗಿ, ಸಡಿಲವಾಗಿ ಹರಡಿ ಸಬಿಕ್ಯುಲಂ ಎಂಬ ಹೊರದಾರಿಯಲ್ಲಿ ಲೀನವಾಗುತ್ತದೆ.

ಈ ಕ್ರಮವೇ ಸಂದೇಶದ ಸಂಚಾರಕ್ರಮವೂ ಹೌದು. ಹೊರತೊಗಟೆಯ ನಾನಾ ಭಾಗಗಳಿಂದ ದೃಷ್ಟಿ, ಶ್ರವಣ, ಸ್ಪರ್ಶಗಳ ಸಾರ ಎಂಟೊರೈನಲ್ ತೊಗಟೆಗೆ ಬಂದು ಸೇರುತ್ತದೆ. ಆ ತೊಗಟೆಯ ಎರಡನೆಯ ಪದರದ ಕೋಶಗಳು ದ್ವೀಪಗಳಂತೆ ಗುಂಪು ಗುಂಪಾಗಿವೆ. ಅವುಗಳ ನೀಳತಂತುಗಳು ದಂತುರ ಮಡಿಕೆಗೂ ಸಿ. ಎ. ೩ಕ್ಕೂ ಹೋಗುತ್ತವೆ. ಮೂರನೆಯ ಪದರದ ತಂತುಗಳು ನೇರವಾಗಿ ಸಿ. ಎ. ೧ಕ್ಕೆ ಹೋಗುತ್ತವೆ. ಹರಳುಕೋಶಗಳು ಸಿ. ಎ. ೩ಕ್ಕೆ, ಸಿ. ಎ. ೩ ಸಿ. ಎ. ೧ಕ್ಕೆ, ಸಿ. ಎ. ೧ ಸಬಿಕ್ಯುಲಮ್ಮಿಗೆ ಸಂದೇಶವನ್ನು ದಾಟಿಸುತ್ತವೆ; ಅಲ್ಲಿಂದ ಅದು ಎಂಟೊರೈನಲ್ ತೊಗಟೆಯ ಆಳದ ಪದರಗಳಿಗೆ ಮರಳಿ, ಹೊರತೊಗಟೆಗೆ ಹಿಂದಿರುಗುತ್ತದೆ. ಮೇಲಿನ ಪದರಗಳು ಒಳಬರುವ ಬಾಗಿಲು, ಆಳದ ಪದರಗಳು ಹೊರಹೋಗುವ ಬಾಗಿಲು.

ಒಂದೇ ದಾರಿಯಲ್ಲಿ ಇಷ್ಟೊಂದು ಠಾಣೆಗಳೇಕೆ? ಸ್ಮೃತಿಗೆ ಪರಸ್ಪರ ವಿರುದ್ಧವಾದ ಎರಡು ಗುಣಗಳು ಬೇಕು. ನಿನ್ನೆ ರೈಲ್ವೆ ನಿಲ್ದಾಣದಲ್ಲಿ ಕಂಡುದನ್ನೂ ಇಂದು ಅದೇ ನಿಲ್ದಾಣದಲ್ಲಿ ಕಂಡುದನ್ನೂ ಕಲಸಿಬಿಡದೆ ಬೇರೆಯಾಗಿಡುವುದು ಒಂದು ಗುಣ. ಪರಿಚಿತ ರಾಗದ ಎರಡು ಸ್ವರ ಕೇಳಿದೊಡನೆ ಇಡಿಯ ಹಾಡನ್ನು ಎಬ್ಬಿಸುವುದು ಇನ್ನೊಂದು. ಲಕ್ಷಾಂತರ ಹರಳುಕೋಶಗಳಲ್ಲಿ ಒಂದು ಕಾಲಕ್ಕೆ ಕೆಲವೇ ಕೋಶಗಳು ಚಲಿಸುವುದರಿಂದ, ಒಂದನ್ನೊಂದು ಹೋಲುವ ಅನುಭವಗಳಿಗೂ ಬೇರೆ ಬೇರೆ ಕೋಶಗಳು ದೊರೆಯುತ್ತವೆ. ದಂತುರ ಮಡಿಕೆ ಬೇರ್ಪಡಿಸುವ ಠಾಣೆ. ಸಿ. ಎ. ೩ರ ಗೋಪುರಕೋಶಗಳ ತಂತುಗಳು ಮುಂದಕ್ಕೆ ಹೋಗುವುದಲ್ಲದೆ ತಮ್ಮ ಸೋದರಕೋಶಗಳಿಗೇ ಹಿಂದಿರುಗಿ ಹೆಣೆದುಕೊಂಡಿವೆ. ಒಂದು ತುದಿಯನ್ನು ಮುಟ್ಟಿದರೆ ಇಡಿಯ ಹೆಣಿಗೆ ಮಿಡಿಯುತ್ತದೆ. ಅದು ಪೂರ್ಣಗೊಳಿಸುವ ಠಾಣೆ. ಇಂಗ್ಲೆಂಡಿನ ಡೇವಿಡ್ ಮಾರ್ ಎಂಬ ತರುಣ ಗಣಿತಜ್ಞರು ೧೯೭೧ರಲ್ಲಿ, ಬಹುಮಟ್ಟಿಗೆ ಈ ಕೋಶರಚನೆಯನ್ನೇ ಆಧಾರವಾಗಿಟ್ಟುಕೊಂಡು, ಹಿಪ್ಪೊಕ್ಯಾಂಪಸ್ ನೆನಪನ್ನು ಹೀಗೆ ಹಿಡಿದೀತೆಂಬ ಸಿದ್ಧಾಂತವನ್ನು ಮಂಡಿಸಿದರು. ಎರಡು ವರ್ಷಗಳ ಮೇಲೆ ಬ್ಲಿಸ್ ಮತ್ತು ಲ್ಯೂಮೊ ಅವರು ಮೊಲಗಳ ದಂತುರ ಮಡಿಕೆಯಲ್ಲಿ, ಒಮ್ಮೆ ಬಲವಾಗಿ ಪ್ರಚೋದಿತವಾದ ಸಂಧಿಯು ಗಂಟೆಗಟ್ಟಲೆ ಕಾಲ ಹೆಚ್ಚು ಬಲಶಾಲಿಯಾಗಿ ಉಳಿಯುವುದನ್ನು ಪ್ರಕಟಿಸಿದರು. ರಚನೆಯನ್ನು ನೋಡಿ ಕೆಲಸವನ್ನು ಊಹಿಸುವ ಮಾರ್ಗಕ್ಕೆ ಇದರಿಂದ ಬೆಂಬಲ ದೊರೆಯಿತು.

ಒಂದೇ ಠಾಣೆ ಕೆಟ್ಟರೆ ಏನಾಗುವುದೆಂಬುದಕ್ಕೂ ಸಾಕ್ಷಿಯುಂಟು. ವೈದ್ಯಸಾಹಿತ್ಯದಲ್ಲಿ 'ಆರ್. ಬಿ.' ಎಂದು ಪ್ರಸಿದ್ಧನಾದ ರೋಗಿಯೊಬ್ಬನಿಗೆ ೧೯೭೮ರಲ್ಲಿ, ಹೃದಯದ ಶಸ್ತ್ರಕ್ರಿಯೆಯ ಅನಂತರ, ಮಿದುಳಿಗೆ ರಕ್ತದ ಪೂರೈಕೆ ಸ್ವಲ್ಪಕಾಲ ಕುಂದಿತು. ಮುಂದಿನ ಐದು ವರ್ಷ ಅವನು ಹೊಸ ಸಂಗತಿಗಳನ್ನು ನೆನಪಿನಲ್ಲಿಡಲು ಒದ್ದಾಡಿದನು. ಅವನು ಸತ್ತ ಮೇಲೆ ಮಿದುಳನ್ನು ಪದರಪದರವಾಗಿ ಪರೀಕ್ಷಿಸಿದ ಜೋಲಾ-ಮಾರ್ಗನ್, ಸ್ಕ್ವಾಯರ್ ಮತ್ತು ಅಮರಾಲ್ ಅವರು ೧೯೮೬ರಲ್ಲಿ ತಿಳಿಸಿದುದೇನೆಂದರೆ, ಮುಖ್ಯವಾದ ಹಾನಿ ಎರಡು ಪಕ್ಕಗಳ ಸಿ. ಎ. ೧ಕ್ಕೆ ಮಾತ್ರ ಆಗಿತ್ತು. ಒಂದು ಕಿರಿದಾದ ಪಟ್ಟಿಯ ಗೋಪುರಕೋಶಗಳು ಸತ್ತುದು ಒಬ್ಬ ಮನುಷ್ಯನ ದಿನಗಳನ್ನು ಒಂದಕ್ಕೊಂದು ಸೇರದಂತೆ ಮಾಡಲು ಸಾಕಾಯಿತು.

೪

ಇಷ್ಟನ್ನೂ ಇಲಿಯಲ್ಲಿಯೇ ನೋಡಬಹುದಲ್ಲವೆ? ಠಾಣೆಗಳ ಕ್ರಮ ಇಲಿಯಲ್ಲಿಯೂ ಕಪಿಯಲ್ಲಿಯೂ ಮನುಷ್ಯನಲ್ಲಿಯೂ ಒಂದೇ ಎಂಬುದು ನಿಜ. ಆದರೆ ಪ್ರಮಾಣಗಳು ಒಂದೇ ಅಲ್ಲ. ಲೆಕ್ಕದಲ್ಲಿ ಪ್ರಮಾಣ ಬದಲಾದರೆ ಅರ್ಥವೂ ಬದಲಾಗುತ್ತದೆ.

ಡೆನ್ಮಾರ್ಕಿನ ಮಾರ್ಕ್ ವೆಸ್ಟ್ ಮತ್ತು ಅವರ ಜೊತೆಗಾರರು ೧೯೯೦-೯೧ರಲ್ಲಿ ಪ್ರಕಟಿಸಿದ ಎಣಿಕೆಯಂತೆ, ಇಲಿಯ ಒಂದು ಪಕ್ಕದ ಹಿಪ್ಪೊಕ್ಯಾಂಪಸಿನಲ್ಲಿ ಹರಳುಕೋಶಗಳು ಸುಮಾರು ೧೨ ಲಕ್ಷ, ಸಿ. ಎ. ೧ರ ಗೋಪುರಕೋಶಗಳು ೪ ಲಕ್ಷಕ್ಕಿಂತ ಕಡಮೆ. ಮನುಷ್ಯನಲ್ಲಿ ಹರಳುಕೋಶಗಳು ಸುಮಾರು ಒಂದೂವರೆ ಕೋಟಿ, ಸಿ. ಎ. ೧ರ ಕೋಶಗಳು ಸುಮಾರು ೧ ಕೋಟಿ ೬೦ ಲಕ್ಷ. ಎಂದರೆ ಇಲಿಯಲ್ಲಿ ಸಿ. ಎ. ೧ರ ಒಂದು ಕೋಶಕ್ಕೆ ಮೂರು ಹರಳುಕೋಶಗಳು. ಮನುಷ್ಯನಲ್ಲಿ ಒಂದಕ್ಕೆ ಒಂದು. ಇಲಿಯಿಂದ ಮನುಷ್ಯನವರೆಗೆ ಹರಳುಕೋಶಗಳು ಹನ್ನೆರಡು ಮಡಿಯಷ್ಟಾದರೆ ಸಿ. ಎ. ೧ರ ಕೋಶಗಳು ನಲವತ್ತು ಮಡಿಗೂ ಹೆಚ್ಚಾಗಿವೆ. ಹೊರತೊಗಟೆಯೊಡನೆ ವ್ಯವಹರಿಸುವ ಠಾಣೆಯೇ ಅತಿಯಾಗಿ ಬೆಳೆದಿದೆ. ನೋಟದಲ್ಲಿಯೂ ಈ ಭೇದ ಸ್ಪಷ್ಟ: ಇಲಿಯ ಸಿ. ಎ. ೧ ಕೆಲವೇ ಸಾಲು ಕೋಶಗಳ ಬಿಗಿಯಾದ ಪಟ್ಟಿ. ಕಪಿ ವರ್ಗದಲ್ಲಿ ಅದು ದಪ್ಪನಾಗಿ ಸಡಿಲವಾಗಿದೆ. ಇಲಿಯಲ್ಲಿ ಎಡಬಲ ಹಿಪ್ಪೊಕ್ಯಾಂಪಸುಗಳು ಪರಸ್ಪರ ತಂತುಗಳಿಂದ ಗಾಢವಾಗಿ ಹೆಣೆದುಕೊಂಡಿದ್ದರೆ, ಮಕಾಕ್ ಜಾತಿಯ ಕೋತಿಗಳಲ್ಲಿ ಆ ಹೆಣಿಗೆ ಬಹಳಮಟ್ಟಿಗೆ ಕಡಮೆಯಾಗಿದೆ. ಎಂಟೊರೈನಲ್ ತೊಗಟೆಯನ್ನು ಇಲಿಯಲ್ಲಿ ಎರಡು ಭಾಗಗಳಾಗಿ ಹೇಳಿದರೆ ಸಾಕು. ಅಮರಾಲ್ ಅವರ ಬಳಗ ೧೯೮೭ರಲ್ಲಿ ಮಕಾಕ್ ಕೋತಿಯಲ್ಲಿ ಏಳು ಭಾಗಗಳನ್ನು ಗುರುತಿಸಬೇಕಾಯಿತು.

ಮಾರ್ಮೊಸೆಟ್ ಇವುಗಳ ನಡುವೆ ನಿಲ್ಲುತ್ತದೆ. ನಮ್ಮ ನಾಡಿನ ಮಂಗ, ಮುಸುವಗಳ ಗುಂಪಿಗೆ ಸೇರದ, ಹೊಸ ಪ್ರಪಂಚದ ಕಪಿ ಇದು. ಬ್ರೆಜಿಲಿನ ಈಶಾನ್ಯ ಭಾಗ ಇದರ ತೌರು. ಅಳಿಲಿಗಿಂತ ಸ್ವಲ್ಪ ದೊಡ್ಡದು. ತೂಕ ೩೦೦ರಿಂದ ೪೦೦ ಗ್ರಾಂ. ಕಿವಿಯ ಬಳಿ ಬೆಳ್ಳನೆಯ ಕೂದಲ ಗೊಂಚಲು. ಹಲ್ಲಿನಿಂದ ಮರದ ತೊಗಟೆಯನ್ನು ಕೊರೆದು, ಜಿನುಗುವ ಅಂಟನ್ನು ನೆಕ್ಕಿ ಬದುಕುವುದು ಇದರ ಮುಖ್ಯ ವೃತ್ತಿ. ಸಾಮಾನ್ಯವಾಗಿ ಅವಳಿ ಮರಿಗಳು ಹುಟ್ಟುತ್ತವೆ. ತಾಯಿಯಷ್ಟೇ ಅಲ್ಲದೆ ತಂದೆಯೂ ಅಣ್ಣ ಅಕ್ಕಂದಿರೂ ಅವನ್ನು ಬೆನ್ನ ಮೇಲೆ ಹೊತ್ತು ಸಾಕುತ್ತಾರೆ. ಒಂದು ಕೂಗಿದರೆ ಇನ್ನೊಂದು ಅದು ಮುಗಿಯುವವರೆಗೆ ಕಾದು ಮರುಕೂಗು ಕೊಡುತ್ತದೆ.

ಅದರ ಮಿದುಳಿನ ತೂಕ ಎಂಟು ಗ್ರಾಮಿಗೂ ಕಡಮೆ. ಮೇಲ್ಮೈ ಮನುಷ್ಯನ ಮಿದುಳಿನಂತೆ ಸುಕ್ಕುಸುಕ್ಕಾಗಿರದೆ ಬಹುಮಟ್ಟಿಗೆ ನುಣುಪಾಗಿದೆ. ಇಷ್ಟು ಚಿಕ್ಕ ಮಿದುಳು ಇಲಿಯ ಮಿದುಳಿನ ಕೊಂಚ ದೊಡ್ಡ ಪ್ರತಿಯಷ್ಟೇ ಎಂದು ತಿಳಿದರೆ ತಪ್ಪಾಗುತ್ತದೆ. ಬ್ರೆಜಿಲಿನ ಸುಜಾನಾ ಹರ್ಕುಲಾನೊ-ಹೌಜೆಲ್ ಅವರು ಸಹಕಾರಿಗಳೊಡನೆ ೨೦೦೭ರಲ್ಲಿ ಪ್ರಕಟಿಸಿದ ಎಣಿಕೆಯಲ್ಲಿ ಮಾರ್ಮೊಸೆಟ್ಟಿನ ಮಿದುಳಿಗೆ ಸುಮಾರು ೬೩ ಕೋಟಿ ನರಕೋಶಗಳು ದೊರೆತವು. ಇಲಿಯ ವರ್ಗಕ್ಕೆ ಸೇರಿದ ಅಗೂಟಿಯೆಂಬ ಪ್ರಾಣಿಯ ಮಿದುಳು ಇದರ ಎರಡು ಮಡಿಗೂ ಮೀರಿ ತೂಗುತ್ತದೆ. ಆದರೂ ಅದರ ಹೊರತೊಗಟೆಯಲ್ಲಿರುವ ನರಕೋಶಗಳು ಮಾರ್ಮೊಸೆಟ್ಟಿನ ಹೊರತೊಗಟೆಯಲ್ಲಿರುವುವುಗಳ ಅರ್ಧಕ್ಕಿಂತ ಕಡಮೆ. ಕಪಿಗಳ ವರ್ಗದಲ್ಲಿ ಮಿದುಳು ಬೆಳೆದಂತೆ ನರಕೋಶಗಳು ದಪ್ಪವಾಗದೆ ದಟ್ಟವಾಗಿಯೇ ಉಳಿಯುವುದು ಇದಕ್ಕೆ ಕಾರಣ. ಹಿಪ್ಪೊಕ್ಯಾಂಪಸ್ ಇರುವ ಜಾಗವೂ ಗಮನಾರ್ಹವಾದುದು. ಇಲಿಯಲ್ಲಿ ಅದು ಮಿದುಳಿನ ಮೇಲ್ಭಾಗದಿಂದ ಕೆಳಕ್ಕೆ ಬಿಲ್ಲಿನಂತೆ ಬಾಗಿದ್ದರೆ, ಮಾರ್ಮೊಸೆಟ್ಟಿನಲ್ಲಿ ಮನುಷ್ಯನಲ್ಲಿರುವಂತೆ ಕಿವಿಯ ನೇರದ ಖಂಡದ ಆಳದಲ್ಲಿ ಅಡಗಿದೆ. ಅಂಗೈಯಲ್ಲಿ ಹಿಡಿಯಬಹುದಾದ ಪ್ರಾಣಿಯಲ್ಲಿ ನಮ್ಮ ವರ್ಗದ ಮಿದುಳಿನ ವಿನ್ಯಾಸ ದೊರೆಯುತ್ತದೆಂಬುದೇ ಮಾರ್ಮೊಸೆಟ್ಟಿನ ಹೆಚ್ಚಳ.

೫

ಈ ವಿನ್ಯಾಸದಿಂದ ದೊರೆತ ತಿಳಿವಳಿಕೆಯಲ್ಲಿ ಮೂರು ನಿದರ್ಶನಗಳನ್ನು ಹೇಳಬಹುದು.

ಮೊದಲನೆಯದು ಸಿ. ಎ. ೧ಕ್ಕೆ ಸಂಬಂಧಿಸಿದುದು. ಇಂಗ್ಲೆಂಡಿನ ರೊಸಲಿಂಡ್ ರಿಡ್ಲಿಯವರ ಬಳಗ ೧೯೯೫ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಾರ್ಮೊಸೆಟ್ಟುಗಳ ಸಿ. ಎ. ೧ರ ಕೋಶಗಳನ್ನು ಮಾತ್ರ ವಿಷದ್ರವ್ಯದಿಂದ ನಾಶಗೊಳಿಸಲಾಯಿತು. ಎರಡು ವಸ್ತುಗಳಲ್ಲಿ ತಿನಿಸು ಯಾವುದರ ಕೆಳಗಿದೆಯೆಂಬ ಸರಳವಾದ ಪಾಠವನ್ನು ಅವು ಎಂದಿನಂತೆಯೇ ಕಲಿತವು. ಇಂಥ ವಸ್ತು ಕಂಡರೆ ಎಡಕ್ಕೆ, ಇಂಥದು ಕಂಡರೆ ಬಲಕ್ಕೆ ಎಂದು ಎರಡು ಸಂಗತಿಗಳನ್ನು ಸೇರಿಸಿ ನೆನಪಿಡಬೇಕಾದಾಗ ಮಾತ್ರ ಎಡವಿದವು. ಆರ್. ಬಿ.ಯ ಮಿದುಳಿನಲ್ಲಿ ಅಕಸ್ಮಾತ್ತಾಗಿ ಕಂಡುದು ಇಲ್ಲಿ ಪರೀಕ್ಷೆಯಿಂದ ದೃಢವಾಯಿತು.

ಎರಡನೆಯದು ಹರಳುಕೋಶಗಳ ಜನನ. ಹುಟ್ಟಿದ ಮೇಲೆ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂಬುದು ಕಹಾಲರ ಕಾಲದಿಂದ ಬಂದ ನಂಬಿಕೆ. ಆಲ್ಟ್‌ಮನ್ ಮತ್ತು ದಾಸ್ ಅವರು ೧೯೬೫ರಲ್ಲಿ ಇಲಿಗಳ ದಂತುರ ಮಡಿಕೆಯಲ್ಲಿ ಹೊಸ ಕೋಶಗಳನ್ನು ತೋರಿಸಿದರೂ, ಕಪಿಗಳಲ್ಲಿ ಹಾಗಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ೧೯೯೮ರಲ್ಲಿ ಎಲಿಜಬೆತ್ ಗೌಲ್ಡ್ ಮತ್ತು ಸಂಗಡಿಗರು ಬೆಳೆದ ಮಾರ್ಮೊಸೆಟ್ಟುಗಳ ದಂತುರ ಮಡಿಕೆಯಲ್ಲಿ ಹೊಸ ಹರಳುಕೋಶಗಳ ಜನನವನ್ನು ಕಂಡರು. ಒಂ‌ದು ಮಾರ್ಮೊಸೆಟ್ಟನ್ನು ಅಪರಿಚಿತವಾದ ಇನ್ನೊಂದರ ಪಂಜರದಲ್ಲಿ ಒಂದೇ ಒಂದು ಗಂಟೆ ಬಿಟ್ಟರೆ, ಆ ಭಯದಿಂದಲೇ ಕೋಶಗಳ ವೃದ್ಧಿ ಕುಗ್ಗುವುದೂ ಅವರಿಗೆ ಕಂಡಿತು. ವಯಸ್ಸಾದಂತೆ ಈ ಜನನ ಕಡಮೆಯಾಗುವುದೆಂದು ೨೦೦೭ರ ಅಧ್ಯಯನ ತಿಳಿಸಿತು. ಪ್ರೌಢ ಮನುಷ್ಯನಲ್ಲಿ ಹೊಸ ಹರಳುಕೋಶಗಳು ಹುಟ್ಟುವುವೇ ಎಂಬ ವಿಷಯದಲ್ಲಿ ೨೦೧೮ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಕೊಟ್ಟಿವೆ. ಆ ವಿವಾದ ಇನ್ನೂ ಮುಗಿದಿಲ್ಲ. ಮನೋವ್ಯಥೆಯು ಕೋಶಗಳ ರೂಪವನ್ನೇ ಬದಲಿಸುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನಿಂದಲೂ ಪ್ರಮಾಣ ಬಂದಿದೆ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರೂ ಸಹಕಾರಿಗಳೂ ೨೦೦೨ರಲ್ಲಿ, ದೀರ್ಘಕಾಲದ ಒತ್ತಡಕ್ಕೆ ಸಿಕ್ಕಿದ ಇಲಿಗಳ ಸಿ. ಎ. ೩ರ ಕೋಶಗಳ ಕವಲುಗಳು ಕುಗ್ಗುವುದನ್ನೂ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದ ಕೋಶಗಳ ಕವಲುಗಳು ಅದೇ ಸಮಯದಲ್ಲಿ ಬೆಳೆಯುವುದನ್ನೂ ತೋರಿಸಿದರು. ನೆನಪಿನ ಕವಲು ಒಣಗುವಾಗ ಭಯದ ಕವಲು ಚಿಗುರುತ್ತದೆ.

ಮೂರನೆಯದು ಸ್ಥಳದ ಸ್ಮೃತಿ. ೧೯೭೧ರಲ್ಲಿ ಲಂಡನ್ನಿನ ಜಾನ್ ಓಕೀಫ್ ಮತ್ತು ದೊಸ್ತ್ರೊವ್‌ಸ್ಕಿ ಅವರು, ಇಲಿ ಒಂದು ನಿಯತವಾದ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಹಿಪ್ಪೊಕ್ಯಾಂಪಸಿನಲ್ಲಿ ಕಂಡುಹಿಡಿದರು. ಸ್ವತಂತ್ರವಾಗಿ ಓಡಾಡುವ ಮಾರ್ಮೊಸೆಟ್ಟುಗಳಲ್ಲಿಯೂ ಇಂಥ ಸ್ಥಳಕೋಶಗಳಿವೆಯೆಂದು ೨೦೧೯ರಲ್ಲಿ ಕ್ಯಾಲಿಫೋರ್ನಿಯದ ಕೋರಿ ಮಿಲ್ಲರ್ ಅವರ ಪ್ರಯೋಗಶಾಲೆ ತೋರಿಸಿತು. ಆದರೆ ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಒಂದು ಸೂಕ್ಷ್ಮವಾದ ಭೇದವನ್ನು ಹೊರತಂದಿತು. ಇಲಿ ಮೂಸುತ್ತ, ಮೀಸೆಯಿಂದ ತಡವುತ್ತ ನಡೆದು ಲೋಕವನ್ನು ಅರಿಯುತ್ತದೆ. ಮಾರ್ಮೊಸೆಟ್ ಒಂದೆಡೆ ಕುಳಿತು, ತಲೆಯನ್ನು ಥಟ್ಟನೆ ಅತ್ತಿತ್ತ ತಿರುಗಿಸಿ ಕಣ್ಣಿನಿಂದ ಅರಿಯುತ್ತದೆ. ಅದಕ್ಕೆ ತಕ್ಕಂತೆ ಅದರ ಹಿಪ್ಪೊಕ್ಯಾಂಪಸಿನ ಕೋಶಗಳು ತಾನು ನಿಂತಿರುವ ಸ್ಥಳಕ್ಕಿಂತ ತಾನು ನೋಡುತ್ತಿರುವ ಕಡೆಗೆ ಹೆಚ್ಚಾಗಿ ಮಿಡಿಯುತ್ತವೆ. ಠಾಣೆಗಳ ಕ್ರಮ ಒಂದೇ ಆದರೂ ಅಲ್ಲಿ ಸಾಗುವ ಸರಕು ಬೇರೆ. ನೋಡಿ ನೆನಪಿಡುವ ಪ್ರಾಣಿಯಾದ ಮನುಷ್ಯನನ್ನು ಇಲಿಯೊಂದರಿಂದಲೇ ಅಳೆಯಲಾಗದೆಂಬುದಕ್ಕೆ ಇದು ಪ್ರಬಲವಾದ ಕಾರಣ.

೬

ಈ ವಿಚಾರಗಳಿಗೆ ನಮ್ಮ ಮನೆಗಳೊಳಗೂ ಸಂಬಂಧವುಂಟು. ಊರು ಬಿಟ್ಟು ಮಕ್ಕಳೊಡನೆ ದೂರದ ನಗರಗಳಿಗೆ ಬಂದು ನೆಲೆಸಿದ ಹಿರಿಯರಲ್ಲಿ ಕೆಲವರು, ಐವತ್ತು ವರ್ಷಗಳ ಹಿಂದಿನ ಮನೆಯ ಬಾವಿಕಟ್ಟೆಯನ್ನು, ನೆರೆಮನೆಯವರ ಹೆಸರನ್ನು ತಪ್ಪದೆ ಹೇಳುತ್ತಾರೆ. ಬೆಳಗ್ಗೆ ಉಂಡುದನ್ನು ಮಧ್ಯಾಹ್ನ ಅರಿಯರು, ತಾವು ಈಗಿರುವ ಬೀದಿಯನ್ನು ಗುರುತಿಸರು. ಮನೆಯವರು ಇದನ್ನು ಊರಿನ ಹಂಬಲವೆಂದೋ ಹೊಸ ಜಾಗಕ್ಕೆ ಹೊಂದಿಕೊಳ್ಳದ ಹಟವೆಂದೋ ತಿಳಿಯುವುದುಂಟು. ಫ್ರಾನ್ಸಿನ ರಿಬೊ ಅವರು ೧೮೮೧ರಷ್ಟು ಹಿಂದೆಯೇ, ರೋಗದಲ್ಲಿ ಹೊಸ ನೆನಪು ಮೊದಲು ಅಳಿದು ಹಳೆಯದು ಕೊನೆಯವರೆಗೆ ಉಳಿಯುವುದೆಂಬ ನಿಯಮವನ್ನು ಹೇಳಿದ್ದರು. ದಿನವಹಿ ಮೊದಲು ಹರಿಯುತ್ತದೆ. ಖಾತೆ ಪುಸ್ತಕ ಆಮೇಲೆ.

೧೯೦೬ರಲ್ಲಿ ಜರ್ಮನಿಯ ಆಲೋಯಿಸ್ ಆಲ್ಜೈಮರ್ ಅವರು ಮೊದಲು ವರ್ಣಿಸಿದ ರೋಗದಲ್ಲಿ ಆಗುವುದು ಇದೇ. ಈ ರೋಗದಲ್ಲಿ ಹಿಪ್ಪೊಕ್ಯಾಂಪಸಿಗೆ ಸಂದೇಶವನ್ನು ಒಯ್ಯುವ ಮತ್ತು ಅದರಿಂದ ಹೊರತರುವ ಕೋಶಗಳೇ ಆರಿಸಿದಂತೆ ಹಾಳಾಗಿ, ಇಡಿಯ ಅಂಗವು ದ್ವೀಪದಂತೆ ಒಂಟಿಯಾಗುವುದೆಂದು ಹೈಮನ್ ಮತ್ತು ಸಂಗಡಿಗರು ೧೯೮೪ರಲ್ಲಿ ತೋರಿಸಿದರು. ರೋಗದ ಗುರುತುಗಳು ಎಂಟೊರೈನಲ್ ತೊಗಟೆಯ ಅಂಚಿನಲ್ಲಿ ಮೊದಲು ಕಾಣಿಸಿಕೊಂಡು ಮುಂದಕ್ಕೆ ಹರಡುವ ಕ್ರಮವನ್ನು ಬ್ರಾಕ್ ದಂಪತಿಗಳು ೧೯೯೧ರಲ್ಲಿ ಹಂತಹಂತವಾಗಿ ಗುರುತಿಸಿದರು. ರೋಗದ ಅತಿ ಸೌಮ್ಯವಾದ ಅವಸ್ಥೆಯಲ್ಲಿಯೇ ಎಂಟೊರೈನಲ್ ತೊಗಟೆಯ ಎರಡನೆಯ ಪದರದ ಅರ್ಧಕ್ಕಿಂತ ಹೆಚ್ಚು ನರಕೋಶಗಳು ನಷ್ಟವಾಗಿರುವುದೆಂದು ೧೯೯೬ರ ಎಣಿಕೆ ತಿಳಿಸಿತು. ಹೆಬ್ಬಾಗಿಲಿನಲ್ಲಿದ್ದ ಆ ದ್ವೀಪಗಳು ಮುಳುಗಿದ ಮೇಲೆ ಒಳಗಿನ ಠಾಣೆಗಳು ಬದುಕಿದ್ದರೂ ಅವಕ್ಕೆ ಸುದ್ದಿ ತಲುಪುವುದಿಲ್ಲ. ಬೆಳಗಿನ ಊಟವನ್ನು ಅರಿಯದ ಹಿರಿಯರು ಅದನ್ನು ಮರೆತವರಲ್ಲ. ಅದು ಅವರಲ್ಲಿ ದಾಖಲೇ ಆಗಲಿಲ್ಲ. ಆಗಲೇ ಹೇಳಿದೆನಲ್ಲ ಎಂದು ಅವರನ್ನು ಗದರಿಸುವುದು ನಿರರ್ಥಕ.

ಸಾಮಾನ್ಯವಾದ ಇಲಿಗೆ ಈ ರೋಗ ತಾನಾಗಿ ಬರುವುದಿಲ್ಲ. ಮನುಷ್ಯನ ವಂಶವಾಹಿಯನ್ನು ಅದರಲ್ಲಿ ಸೇರಿಸಿ ರೋಗವನ್ನು ತರಿಸಬೇಕು. ಹಾಗೆ ತರಿಸಿದ ರೋಗವನ್ನು ವಾಸಿಮಾಡಿದ ಅನೇಕ ಔಷಧಗಳು ಮನುಷ್ಯನಲ್ಲಿ ನಿಷ್ಫಲವಾಗಿವೆ. ೨೦೨೩ರಲ್ಲಿ ಅಮೆರಿಕದಲ್ಲಿ ಪೂರ್ಣ ಮನ್ನಣೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧವು ರೋಗದ ವೇಗವನ್ನು ಕೊಂಚ ತಗ್ಗಿಸುತ್ತದೆಯೇ ಹೊರತು ಸತ್ತ ಕೋಶಗಳನ್ನು ಮರಳಿಸುವುದಿಲ್ಲ. ಮಾರ್ಮೊಸೆಟ್ಟಿನ ಮಿದುಳಿನಲ್ಲಿಯಾದರೋ ಏಳು ವರ್ಷ ದಾಟಿದ ಮೇಲೆ, ಆಲ್ಜೈಮರ್ ರೋಗಿಗಳಲ್ಲಿ ಕಾಣುವ ಆಮಿಲಾಯ್ಡ್ ಎಂಬ ದ್ರವ್ಯ ತಾನಾಗಿಯೇ ಸಂಗ್ರಹವಾಗುವುದು ಕಂಡುಬಂದಿದೆ. ಇದು ಆ ರೋಗವೇ ಎಂದಲ್ಲ. ಆದರೆ ಹತ್ತು ಹನ್ನೆರಡು ವರ್ಷಗಳಲ್ಲಿ ಮುಪ್ಪನ್ನು ಕಾಣುವ ಪ್ರಾಣಿಯಲ್ಲಿ, ನಮ್ಮಂಥದೇ ಕೋಶರಚನೆಯ ಮೇಲೆ ಮುಪ್ಪು ಹೇಗೆ ಕೈಯಿಡುತ್ತದೆಂಬುದನ್ನು ಆರಂಭದಿಂದ ಕೊನೆಯವರೆಗೆ ನೋಡಲು ಅವಕಾಶವಿದೆ.

ಈ ಅವಕಾಶಕ್ಕೆ ಬೆಲೆಯುಂಟೆಂಬುದನ್ನು ಮರೆಯಬಾರದು. ಅವಳಿ ತಮ್ಮಂದಿರನ್ನು ಬೆನ್ನ ಮೇಲೆ ಹೊರುವ, ಸರದಿ ಕಾದು ಮರುಕೂಗು ಕೊಡುವ ಪ್ರಾಣಿಯನ್ನು ಪ್ರಯೋಗಶಾಲೆಯ ಸಾಮಗ್ರಿಯೆಂದು ಮಾತ್ರ ಎಣಿಸುವುದು ನ್ಯಾಯವಲ್ಲ. ಒಂದು ಗಂಟೆಯ ಭಯ ಅದರ ಮಿದುಳಿನ ಕೋಶಗಳನ್ನು ಕುಗ್ಗಿಸುತ್ತದೆಂದು ತೋರಿಸಿದ ವಿಜ್ಞಾನವೇ, ಪಂಜರದ ಬದುಕು ಅದಕ್ಕೆ ಏನು ಮಾಡೀತೆಂದು ಕೇಳಿಕೊಳ್ಳಬೇಕು. ಕೋಶಗಳ ನಕ್ಷೆಯ ಶ್ರೇಷ್ಠತೆ ಇಲ್ಲಿಯೂ ವ್ಯಕ್ತವಾಗುತ್ತದೆ: ಒಮ್ಮೆ ಸರಿಯಾಗಿ ತಯಾರಿಸಿದ ನಕ್ಷೆಯು ಸಾವಿರ ಸಂಶೋಧಕರಿಗೆ ಒದಗಿ, ಅದೇ ಪ್ರಶ್ನೆಗಾಗಿ ಮತ್ತೆ ಮತ್ತೆ ಪ್ರಾಣಿಗಳನ್ನು ಕೊಲ್ಲುವುದನ್ನು ತಪ್ಪಿಸುತ್ತದೆ. ಕಹಾಲರ ಚಿತ್ರಗಳನ್ನು ನೂರು ವರ್ಷಗಳ ಮೇಲೆಯೂ ವಿದ್ವಾಂಸರು ನೋಡುತ್ತಿರುವುದು ಇದಕ್ಕೆ ಸಾಕ್ಷಿ.

ಸ್ಮೃತಿಭ್ರಂಶವು ಮಿದುಳಿನ ಸಾರ್ವತ್ರಿಕವಾದ ಸವೆತವಲ್ಲ. ನಿಯತವಾದ ಪದರದಲ್ಲಿ ನಿಯತವಾದ ಕೋಶಗಳಿಗೆ ಬಂದೊದಗುವ ಹಾನಿ. ಎಲ್ಲವೂ ಸವೆಯುವುದಾದರೆ ಮಾಡಬಹುದಾದುದು ಏನೂ ಇಲ್ಲ. ಇಂಥ ಪದರದ ಇಂಥ ಕೋಶವೆಂದು ಗೊತ್ತಾದರೆ, ಅದನ್ನು ಉಳಿಸುವ ಉಪಾಯವನ್ನು ಹುಡುಕಲು ಒಂದು ವಿಳಾಸವಾದರೂ ದೊರೆತಂತಾಯಿತು. ಎಂಟು ಗ್ರಾಂ ತೂಗದ ಮಿದುಳೊಂದರಿಂದ ವಿದ್ವಾಂಸರು ಬರೆದುಕೊಳ್ಳುತ್ತಿರುವುದು ಆ ವಿಳಾಸವನ್ನೇ.